ಅಂಗಳಕ್ಕೆ ಬಂದ ಶಾಲೆ

ಅಂಗನವಾಡಿ ಎಂಬ ಪದ ಕೇಳದ ಕನ್ನಡಿಗರಿಲ್ಲ. ನಾನೂ ಹಾವೇರಿ ಕಡೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿಂದು, ಅಕ್ಕೋರ ಮಡಿಲಲ್ಲಿ ನಿದ್ದೆ ಹೊಡೆದು ಬೆಳೆದವನು. ಆ ಪದದ ಬೇರು ನಾನೀಗ ಬಾಡಿಗೆ ಕಟ್ಟುತ್ತಿರುವ ಈ ಸೀಮೆಯಲ್ಲೇ ಇದೆ ಎಂಬುದು ತಿಳಿದದ್ದು ಮಾತ್ರ ಠಾಣೆಯ ನೌಪಾಡಾಕ್ಕೆ ಬಂದು ಆರು ವರ್ಷವಾದ ಮೇಲೆ. ಇಲ್ಲಿಂದ ಘೋಡ್‌ಬಂದರ್ ರಸ್ತೆ ಹಿಡಿದು, ಅಹಮದಾಬಾದ್ ಹೆದ್ದಾರಿ ಸೇರಿ ಉತ್ತರಕ್ಕೆ ಹೋದರೆ ಡಹಾಣು ತಾಲೂಕು. ಅಲ್ಲಿ ಕಡಲಂಚಿಗೆ ಬೋರ್ಡಿ, ಒಳಗೆ ಕೋಸ್ಬಾಡ್ ಗುಡ್ಡ. 2014ರಲ್ಲಿ ಪಾಲ್ಘರ್ ಬೇರೆಯಾಗುವವರೆಗೂ ಇವೆಲ್ಲ ಠಾಣೆ ಜಿಲ್ಲೆಯವೇ. ತಾರಾಬಾಯಿ ಮೋಡಕ್ ತಮ್ಮ ಕೊನೆಯ ಮೂರು ದಶಕಗಳ ಕೆಲಸ ಮಾಡಿದ್ದು ಆ ಊರುಗಳಲ್ಲಿ.

ಮೂರು ವರ್ಷದ ಮಗಳಿರುವ ಮನೆ ನಮ್ಮದು. ಹೊಡೆಯದೆ ಮಕ್ಕಳನ್ನು ಬೆಳೆಸುವುದು ಹೇಗೆಂದು ದಿನಕ್ಕೆ ಹತ್ತು ರೀಲ್ ಬರುತ್ತವೆ. ಇದೆಲ್ಲ ಅಮೆರಿಕದವರ ಹೊಸ ಚಾಳಿ ಎಂದು ಊರಿಂದ ಬಂದ ಹಿರಿಯರು ನಗುತ್ತಾರೆ. ಹೊಸದೂ ಅಲ್ಲ, ಅಮೆರಿಕದ್ದೂ ಅಲ್ಲ ಎಂದು ಅವರಿಗೆ ಹೇಳಲು ತಾರಾಬಾಯಿಯವರ ಬದುಕೊಂದೇ ಸಾಕು.

ಅವರು ಹುಟ್ಟಿದ್ದು 1892ರಲ್ಲಿ, ಪ್ರಾರ್ಥನಾ ಸಮಾಜದ ಕೇಸ್ಕರ್ ಮನೆತನದಲ್ಲಿ. ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ, 1914ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಪದವಿ ಪಡೆದರು. ಅಮರಾವತಿಯ ವಕೀಲರೊಬ್ಬರ ಜೊತೆ ಮದುವೆಯಾಯಿತು. 1921ರಲ್ಲಿ ಅದು ಮುರಿದುಬಿತ್ತು. ಆಮೇಲೆ ಪುಟ್ಟ ಮಗಳ ಹೊಣೆ ಹೊತ್ತು ರಾಜಕೋಟೆಗೆ ಹೋಗಿ, ಶಿಕ್ಷಕಿಯರನ್ನು ತಯಾರು ಮಾಡುವ ಬಾರ್ಟನ್ ಕಾಲೇಜಿನ ಪ್ರಾಂಶುಪಾಲೆಯಾದರು. ಸಂಬಳ, ಮರ್ಯಾದೆ ಎರಡೂ ಇದ್ದ ಕೆಲಸವದು. ಅದನ್ನು ಬಿಟ್ಟು ಭಾವನಗರದ ಒಂದು ಶಿಶುಶಾಲೆಗೆ ಸೇರಿದರು.

ಆ ಶಾಲೆ ದಕ್ಷಿಣಾಮೂರ್ತಿ ಸಂಸ್ಥೆಯ ಬಾಲಮಂದಿರ. ಅದನ್ನು 1920ರಲ್ಲಿ ಶುರು ಮಾಡಿದ್ದವರು ಗಿಜುಭಾಯಿ ಬಧೇಕಾ. ಅವರೂ ವಕೀಲರೇ. ತಮಗೆ ಮಗ ಹುಟ್ಟಿದ ಮೇಲೆ ಮಾರಿಯಾ ಮಾಂಟೆಸ್ಸರಿಯ ಪುಸ್ತಕ ಓದಿ, ಕರಿಕೋಟು ಕಳಚಿಟ್ಟು ಮಕ್ಕಳ ನಡುವೆ ಕೂತವರು. ಜನ ಅವರನ್ನು ಮೀಸೆಯ ತಾಯಿ ಎಂದು ಕರೆಯುತ್ತಿದ್ದರು. ಬೆತ್ತ ಇಲ್ಲದ ಶಾಲೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅಲ್ಲಿ ಬಹುಮಾನವೂ ಇರಲಿಲ್ಲ. ಇದು ನನಗೆ ತುಸು ತಡವಾಗಿ ತಲೆಗೆ ಹೋದ ವಿಷಯ. ನಮ್ಮ ಬೀದಿಯ ಪ್ಲೇಸ್ಕೂಲಿನಲ್ಲಿ ಅಳದೆ ಕೂತ ಮಗುವಿನ ಕೈಗೆ ನಕ್ಷತ್ರದ ಸ್ಟಿಕ್ಕರ್ ಅಂಟಿಸುತ್ತಾರೆ, ಅತ್ತ ಮಗುವಿಗೆ ಇಲ್ಲ. ಹೊಡೆತವಿಲ್ಲ ನಿಜ. ಆದರೆ ಅತ್ತರೆ ತಾನು ಬೇಡವಾಗುತ್ತೇನೆ ಎಂಬ ಲೆಕ್ಕ ಮೂರು ವರ್ಷಕ್ಕೇ ಶುರುವಾಗುತ್ತದೆ. ಗಿಜುಭಾಯಿ, ತಾರಾಬಾಯಿ ಇಬ್ಬರೂ ಭಯ ಮತ್ತು ಆಸೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ಹೊರಗೆ ಹಾಕಿದರು.

ಹಾಗಾದರೆ ಶಿಸ್ತು ಎಲ್ಲಿಂದ ಬರಬೇಕು? ಆ ಪದ್ಧತಿಯಲ್ಲಿ ಮೌನದ ಆಟ ಅಂತ ಒಂದಿದೆ. ಎಲ್ಲರೂ ಅಲುಗಾಡದೆ ಕೂರಬೇಕು. ದೂರದ ಹಕ್ಕಿಯ ಸದ್ದೂ ಕೇಳಿಸುವಷ್ಟು ನಿಶ್ಶಬ್ದ. ಶಿಕ್ಷಕಿ ಪಿಸುದನಿಯಲ್ಲಿ ಒಂದೊಂದೇ ಹೆಸರು ಕರೆಯುತ್ತಾರೆ. ಹೆಸರು ಕೇಳಿದ ಮಗು ತುದಿಗಾಲಲ್ಲಿ ನಡೆದು ಬರಬೇಕು. ಗದರಿದರೆ ಎರಡು ನಿಮಿಷ ಸುಮ್ಮನಾಗುವ ಮಕ್ಕಳು, ತಮ್ಮ ಹೆಸರು ಬರುತ್ತದೆಂದು ಖಾತ್ರಿಯಿದ್ದರೆ ತಾವಾಗಿಯೇ ಕಾಯುತ್ತಾರೆ. ಮನೆಯಲ್ಲಿ ಇದನ್ನು ಮಾಡಿ ನೋಡಿ. ಗೋಖಲೆ ರಸ್ತೆಯ ಹಾರ್ನ್ ಗದ್ದಲದ ಪಕ್ಕದಲ್ಲೂ ನಮ್ಮ ಮಗಳು ಆಡುತ್ತಾಳೆ.

1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಹುಟ್ಟಿತು. ತಾರಾಬಾಯಿ ಶಿಕ್ಷಣ ಪತ್ರಿಕೆಯ ಮರಾಠಿ ಆವೃತ್ತಿ ನಡೆಸಿದರು, ಮೂವತ್ತರ ದಶಕದಲ್ಲಿ ಮುಂಬೈಗೆ ಬಂದು ದಾದರಿನಲ್ಲಿ ಶಿಶುವಿಹಾರ ಕಟ್ಟಿದರು. 1939ರ ಜೂನ್‌ನಲ್ಲಿ ಗಿಜುಭಾಯಿ ತೀರಿಕೊಂಡರು. ಅವರು ಗುರುವೆಂದು ನಂಬಿದ್ದ ಮಾಂಟೆಸ್ಸರಿ ಮದರಾಸಿಗೆ ಬಂದಿಳಿದದ್ದು ಅದೇ ವರ್ಷದ ಕೊನೆಗೆ.

ದಾದರಿನ ಶಾಲೆ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅಲ್ಲಿಗೆ ಬರುತ್ತಿದ್ದವರು ಓದಿದವರ ಮಕ್ಕಳು. ಮಾಂಟೆಸ್ಸರಿ ಸಾಮಾನುಗಳ ಬೆಲೆಯೂ ಅಂಥವರ ಕೈಗೇ ಎಟುಕುವಂಥದ್ದು. 1945ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ ತಾರಾಬಾಯಿ ಬೋರ್ಡಿಗೆ ಹೋಗಿ ಬಾಲವಾಡಿ ತೆರೆದರು. ಬಾಲ್ಯದಲ್ಲೇ ವಿಧವೆಯಾಗಿದ್ದ ಶಿಕ್ಷಕಿ ಅನುತಾಯಿ ವಾಘ್ ಜೊತೆಗೂಡಿದರು. ದಲಿತ ಕೇರಿಯ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಅದಕ್ಕೆ ಬಾಲವಾಡಿಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಅಂಗನವಾಡಿ ಆದದ್ದು ಹೀಗೆ. ಚಿಪ್ಪು, ಬೆಣಚುಕಲ್ಲು, ಬೀಜ, ಎಲೆ ಇವೇ ಪಾಠದ ಸಾಮಾನು. ಮೊದಲು ಸ್ನಾನ, ಉಗುರು ಕತ್ತರಿಸುವುದು, ತಲೆ ಬಾಚುವುದು. ಆಮೇಲೆ ಹಾಡು, ಕಥೆ.

ಐವತ್ತರ ದಶಕದಲ್ಲಿ ಕೆಲಸ ಕೋಸ್ಬಾಡ್ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಹೋಯಿತು. ಬಿಟ್ಟಿ ದುಡಿಮೆಯ ವಿರುದ್ಧ ವಾರ್ಲಿಗಳು 1945ರಲ್ಲಿ ದಂಗೆಯೆದ್ದಿದ್ದು ಇದೇ ಸೀಮೆಯಲ್ಲಿ. ಜಮೀನುದಾರ, ಸಾಲ ಕೊಟ್ಟವ, ಗುತ್ತಿಗೆದಾರ ಇವರೇ ಅವರು ಕಂಡಿದ್ದ ಹೊರಗಿನವರು. ಸೀರೆಯುಟ್ಟ ಪೇಟೆಯ ಹೆಂಗಸರನ್ನು ಕಂಡರೆ ಮಕ್ಕಳು ಹೆದರುವುದರಲ್ಲಿ ಆಶ್ಚರ್ಯವೇನಿಲ್ಲ. ಗದರಿಕೆಗೆ ಅಲ್ಲಿ ಜಾಗವೇ ಇರಲಿಲ್ಲ. ಶಿಕ್ಷಕಿಯರು ಗುಡಿಸಲಿಂದ ಗುಡಿಸಲಿಗೆ ನಡೆದು ಮಕ್ಕಳನ್ನು ಕರೆತರಬೇಕಿತ್ತು.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಹಿಡಿಸಿತು. ಅಪ್ಪ ಅಮ್ಮ ಕೂಲಿಗೆ ಹೋದರೆ ದೊಡ್ಡ ಮಗು ಕಂಕುಳಲ್ಲಿ ಚಿಕ್ಕದನ್ನು ಹೊತ್ತು ಮನೆ ಕಾಯಬೇಕು. ಶಾಲೆಗೆ ಬಾ ಅಂದರೆ ಹೇಗೆ ಬಂದೀತು? ತಾರಾಬಾಯಿ ಶಿಶುಪಾಲನಾ ಕೇಂದ್ರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಜಾಗದಲ್ಲಿ ಸೇರಿಸಿ ವಿಕಾಸವಾಡಿ ಎಂದು ಹೆಸರಿಟ್ಟರು. ತಂಗಿ ಪಕ್ಕದಲ್ಲೇ ಇದ್ದಾಳೆ ಎಂಬ ನೆಮ್ಮದಿಯಿದ್ದರೆ ಅಕ್ಕ ಅಕ್ಷರ ಕಲಿಯುತ್ತಾಳೆ. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಲ್ಲೇ ಕುರಣಶಾಲೆ ನಡೆಯಿತು. ಯಾರದ್ದಾದರೂ ಮಗು ಹಟ ಮಾಡುತ್ತದೆ, ಮಾತು ಕೇಳುವುದಿಲ್ಲ ಎಂಬ ದೂರು ಬಂದಾಗ ನನಗೆ ಈ ವಿಕಾಸವಾಡಿ ನೆನಪಾಗುತ್ತದೆ. ಆ ಮಗುವಿನ ಕಂಕುಳಲ್ಲಿ ಏನಿದೆ ಎಂದು ಮೊದಲು ನೋಡಿದವರು ಅವರು. ನಮ್ಮ ಮಕ್ಕಳ ವಿಷಯದಲ್ಲಿ ಅದು ಹೊಸ ಊರು, ತಿಳಿಯದ ಮರಾಠಿ, ರಾತ್ರಿ ಒಂಬತ್ತಕ್ಕೂ ಮುಗಿಯದ ಅಪ್ಪನ ಕಾಲ್ ಇರಬಹುದು.

1962ರಲ್ಲಿ ಪದ್ಮಭೂಷಣ ಬಂತು. 1973ರ ಆಗಸ್ಟ್ 31ರಂದು ತಾರಾಬಾಯಿ ತೀರಿಕೊಂಡರು. ಎರಡು ವರ್ಷದ ನಂತರ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಕೇಂದ್ರಗಳಿಗೆ ಅಂಗನವಾಡಿ ಎಂದೇ ಹೆಸರಾಯಿತು. ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು ಟಿ. ನರಸೀಪುರದಲ್ಲಿ. ಅನುತಾಯಿ 1992ರಲ್ಲಿ ಕಣ್ಣು ಮುಚ್ಚುವವರೆಗೆ ಕೋಸ್ಬಾಡ್‌ನ ಕೆಲಸ ಮುಂದುವರಿಸಿದರು.