ಎಸ್. ಎಂ. ಪಂಡಿತ್

ಸಾಂಬಾನಂದ ಮೋನಪ್ಪ ಪಂಡಿತ್ (25 ಮಾರ್ಚ್ 1916 – 30 ಮಾರ್ಚ್ 1993) ಕಲಬುರಗಿಯಲ್ಲಿ ಜನಿಸಿ ಮುಂಬಯಿಯನ್ನು ಕಾರ್ಯಕ್ಷೇತ್ರ ಮಾಡಿಕೊಂಡ ಭಾರತೀಯ ಚಿತ್ರಕಲಾವಿದರು. ವಾಸ್ತವ ಶೈಲಿಯ ಪೌರಾಣಿಕ ಚಿತ್ರಗಳು, ಸಿನಿಮಾ ಭಿತ್ತಿಚಿತ್ರಗಳು ಹಾಗೂ ಬಣ್ಣದ ಕ್ಯಾಲೆಂಡರ್‌ಗಳಿಂದ ಅವರು ಪ್ರಸಿದ್ಧರು.

ಜೀವನ ಮತ್ತು ಶಿಕ್ಷಣ

ಪಂಡಿತರು ಹುಟ್ಟಿದಾಗ ಕಲಬುರಗಿಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅವರ ಮೊದಲ ಕಲಾಗುರು ಅದೇ ಊರಿನ ಶಂಕರರಾವ್ ಆಳಂದಕರ್. ಮುಂದೆ ಅವರು ಮದರಾಸಿನಲ್ಲೂ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲೂ ಅಭ್ಯಾಸ ಮಾಡಿ, ಮುಂಬಯಿಯಲ್ಲಿಯೇ ವೃತ್ತಿಗೆ ತೊಡಗಿದರು.

ಸಿನಿಮಾ ಚಿತ್ರಗಳು

ಮುಂಬಯಿಯ ಮೆಟ್ರೋ ಚಿತ್ರಮಂದಿರಕ್ಕಾಗಿ ಎಂ. ಜಿ. ಎಂ. ಸಂಸ್ಥೆಯ ಚಲನಚಿತ್ರಗಳ ಪ್ರಚಾರ ಫಲಕಗಳನ್ನು ರಚಿಸಿದ ಪಂಡಿತರು, ಬಾಬೂರಾವ್ ಪಟೇಲರ 'ಫಿಲ್ಮ್ ಇಂಡಿಯಾ' ಪತ್ರಿಕೆಗೂ ಮುಖಪುಟಗಳನ್ನು ಬರೆದರು. ನಟನಟಿಯರ ಮುಖದ ಮೇಲೆ ಬೀಳುವ ಬೆಳಕು, ಮೈಬಣ್ಣದ ಹೊಳಪು, ಕಣ್ಣಿನ ಭಾವ ಇವು ಅವರ ಕೈಗುರುತಾದವು.

ಕ್ಯಾಲೆಂಡರ್ ಚಿತ್ರಗಳು

ಈ ಸಿನಿಮಾ ಅನುಭವವು ಪುರಾಣದ ಚಿತ್ರಗಳಿಗೂ ಹರಿದುಬಂದಿತು. ರಾಧಾಕೃಷ್ಣ, ನಳದಮಯಂತಿ, ವಿಶ್ವಾಮಿತ್ರ-ಮೇನಕೆ ಮುಂತಾದ ಪಾತ್ರಗಳು ತೆರೆಯ ಮೇಲಿನ ನಾಯಕ ನಾಯಕಿಯರಂತೆ ಮೈದಳೆದವು. ರಾಜಾ ರವಿವರ್ಮರ ಕಾಲದಲ್ಲಿ ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲಚ್ಚನ್ನು ಬಳಸಿ ಒಂದು ಪಟವನ್ನು ಮುದ್ರಿಸಲಾಗುತ್ತಿತ್ತು. ಪಂಡಿತರ ಕಾಲಕ್ಕೆ ಆಫ್‌ಸೆಟ್ ಮುದ್ರಣವು ಬಂದು, ಹಳದಿ, ಕೆಂಪು, ನೀಲಿ, ಕಪ್ಪು ಎಂಬ ನಾಲ್ಕೇ ಬಣ್ಣಗಳಿಂದ ಅಪಾರ ಪ್ರತಿಗಳನ್ನು ತೆಗೆಯುವುದು ಸಾಧ್ಯವಾಯಿತು. ದಟ್ಟ ಜಲವರ್ಣದಲ್ಲಿ ಅವರು ಸಾಧಿಸಿದ ಕಾಂತಿಯು ಅಚ್ಚಿನಲ್ಲಿಯೂ ಮಾಸುತ್ತಿರಲಿಲ್ಲ. ಸಹಿಯೂ ಚಿತ್ರದೊಡನೆ ಅಚ್ಚಾಗುತ್ತಿದ್ದುದರಿಂದ, ಕಲಾಪ್ರದರ್ಶನವನ್ನು ಎಂದೂ ನೋಡದ ಮನೆಗಳಿಗೂ ಅವರ ಹೆಸರು ತಲುಪಿತು.

ಗಾಣಗಾಪುರದಂತಹ ಯಾತ್ರಾಸ್ಥಳಗಳಿಂದ ದೇವರ ಪಟವನ್ನು ತಂದು ಗೋಡೆಗೆ ತೂಗುಹಾಕುವ ಪದ್ಧತಿಯು ಈ ಸೀಮೆಯಲ್ಲಿ ಹಳೆಯದು. ವರ್ಷ ಮುಗಿದ ಕ್ಯಾಲೆಂಡರಿನ ತಾರೀಖಿನ ಹಾಳೆಯನ್ನು ತೆಗೆದು, ಮೇಲಿನ ಚಿತ್ರಕ್ಕೆ ಕಟ್ಟು ಹಾಕಿಸಿ ಪೂಜಿಸುವುದೂ ರೂಢಿಯಲ್ಲಿತ್ತು.

ವಿಮರ್ಶೆ

ಈ ಜನಪ್ರಿಯತೆಯೇ ಪಂಡಿತರಿಗೆ ತೊಡಕೂ ಆಯಿತು. ಆಧುನಿಕ ಕಲೆಯ ಪಕ್ಷಪಾತಿಗಳು ಕ್ಯಾಲೆಂಡರ್ ಕಲೆಯನ್ನು ವ್ಯಾಪಾರದ ಸರಕೆಂದು ಬಗೆದು ಕಲಾಚರಿತ್ರೆಯ ಹೊರಗಿಟ್ಟರು. ಸಾವಿರಾರು ಮನೆಗಳಲ್ಲಿ ಆರತಿ ಪಡೆದ ಚಿತ್ರಗಳಿಗೆ ಗ್ಯಾಲರಿಗಳಲ್ಲಿ ಗೋಡೆ ದೊರೆಯುವುದು ಕಷ್ಟವಾಯಿತು. 2004ರಲ್ಲಿ ಬಂದ ಕ್ರಿಸ್ಟೋಫರ್ ಪಿನ್ನಿಯವರ 'ಫೋಟೋಸ್ ಆಫ್ ದ ಗಾಡ್ಸ್', 2007ರಲ್ಲಿ ಬಂದ ಕಜ್ರಿ ಜೈನ್ ಅವರ 'ಗಾಡ್ಸ್ ಇನ್ ದ ಬಜಾರ್' ಮುಂತಾದ ಕೃತಿಗಳು ಅಚ್ಚಿನ ಪಟಗಳನ್ನು ಗಂಭೀರ ಅಧ್ಯಯನದ ವಿಷಯವಾಗಿಸಿದವು. ಆ ವೇಳೆಗೆ ಪಂಡಿತರು ತೀರಿಕೊಂಡು ದಶಕ ಕಳೆದಿತ್ತು.

ನಿಧನ ಮತ್ತು ಸ್ಮರಣೆ

ಪಂಡಿತರು 1993ರ ಮಾರ್ಚ್ 30ರಂದು ನಿಧನರಾದರು. ಕಲಬುರಗಿಯ ಡಾ. ಎಸ್. ಎಂ. ಪಂಡಿತ್ ರಂಗಮಂದಿರವು ಅವರ ಹೆಸರನ್ನು ಹೊತ್ತಿದೆ.