ಬಣ್ಣಗಳ ಗುರು ಜೋಸೆಫ್ ಆಲ್ಬರ್ಸ್

ಜೋಸೆಫ್ ಆಲ್ಬರ್ಸ್ 1888ರ ಮಾರ್ಚ್ 19ರಂದು ಜರ್ಮನಿಯ ಬಾಟ್ರಾಪ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಮನೆಗಳಿಗೆ ಬಣ್ಣ ಬಳಿಯುವ ಕಸುಬಿನವರು. ಬಾಗಿಲಿಗೆ ಬಣ್ಣ ಹಚ್ಚುವಾಗ ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ ಸಾಗಬೇಕೆಂಬುದನ್ನು ಮಗ ಅವರಿಂದಲೇ ಕಲಿತನು. ಹಾಗೆ ಮಾಡಿದರೆ ಅಂಗಿಯ ತೋಳು ಕೊಳೆಯಾಗುವುದಿಲ್ಲ.

ಆಲ್ಬರ್ಸ್ ಮೊದಲು ಶಾಲಾ ಶಿಕ್ಷಕರಾದರು. 1920ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ವೈಮಾರ್ ನಗರದ ಬೌಹೌಸ್ ಎಂಬ ಕಲಾಶಾಲೆಗೆ ಮತ್ತೆ ವಿದ್ಯಾರ್ಥಿಯಾಗಿ ಸೇರಿದರು. ಸಾಮಗ್ರಿ ಕೊಳ್ಳಲು ಹಣವಿರಲಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು, ಸುತ್ತಿಗೆ ಹಿಡಿದು, ಊರ ಕಸದ ರಾಶಿಯಿಂದ ಗಾಜಿನ ಚೂರುಗಳನ್ನು ಆರಿಸಿ ತಂದು ಚಿತ್ರಗಳಾಗಿ ಜೋಡಿಸಿದರು. ಮುಂದೆ ಅಲ್ಲಿಯೇ ಅಧ್ಯಾಪಕರಾದರು. ನೇಯ್ಗೆಯ ಕಲಾವಿದೆ ಆನಿ ಅವರನ್ನು 1925ರಲ್ಲಿ ಮದುವೆಯಾದರು.

1933ರಲ್ಲಿ ನಾಜಿಗಳ ಒತ್ತಡದಿಂದ ಬೌಹೌಸ್ ಮುಚ್ಚಿತು. ಆನಿ ಯಹೂದಿ ಮನೆತನದವರಾದ್ದರಿಂದ ಜರ್ಮನಿಯಲ್ಲಿ ಉಳಿಯುವುದು ಅಪಾಯಕರವಾಗಿತ್ತು. ಅದೇ ವರ್ಷ ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜಿನಿಂದ ಕರೆ ಬಂದಿತು. ಆಗ ಆಲ್ಬರ್ಸರಿಗೆ ನಲವತ್ತೈದು ವರ್ಷ. ಇಂಗ್ಲಿಷ್ ಸರಿಯಾಗಿ ಬಾರದು. ಆದರೂ ದಂಪತಿಗಳು ಹೊರಟರು.

ಅವರ ಬಣ್ಣದ ತರಗತಿಯಲ್ಲಿ ಕುಂಚಕ್ಕಿಂತ ಬಣ್ಣದ ಕಾಗದಕ್ಕೇ ಹೆಚ್ಚು ಕೆಲಸ. ಅವರ ಅಭ್ಯಾಸಗಳಂಥದೊಂದನ್ನು ನೀವೂ ಮಾಡಿ ನೋಡಬಹುದು. ಒಂದೇ ಬೂದು ಕಾಗದದಿಂದ ಎರಡು ತುಂಡುಗಳನ್ನು ಕತ್ತರಿಸಿ, ಒಂದನ್ನು ಕಪ್ಪು ಹಾಳೆಯ ಮೇಲೂ ಇನ್ನೊಂದನ್ನು ಬಿಳಿ ಹಾಳೆಯ ಮೇಲೂ ಇಡಿ. ಕಪ್ಪಿನ ಮೇಲಿನ ತುಂಡು ತಿಳಿಯಾಗಿಯೂ ಬಿಳಿಯ ಮೇಲಿನದು ಗಾಢವಾಗಿಯೂ ಕಾಣುತ್ತದೆ. ಎರಡೂ ಒಂದೇ ಎಂದು ತಿಳಿದಿದ್ದರೂ ಕಣ್ಣು ಒಪ್ಪುವುದಿಲ್ಲ. ನೆರೆಯ ಬಣ್ಣ ಬದಲಾದರೆ ನಮಗೆ ಕಾಣುವ ಬಣ್ಣವೂ ಬದಲಾಗುತ್ತದೆ. ಈ ಪಾಠಗಳನ್ನು ಅವರು 1963ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

1950ರಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಬಂದರು. ಅದೇ ವರ್ಷ 'ಚೌಕಕ್ಕೆ ನಮನ' ಎಂಬ ಚಿತ್ರಮಾಲೆ ಆರಂಭವಾಯಿತು. ಈ ಚಿತ್ರಗಳಲ್ಲಿ ಮನುಷ್ಯರಿಲ್ಲ, ಮರಗಿಡಗಳಿಲ್ಲ. ಒಂದರೊಳಗೊಂದು ಮೂರೋ ನಾಲ್ಕೋ ಚೌಕಗಳು, ಅಷ್ಟೇ. ಮೊದಲ ನೋಟಕ್ಕೆ ಮಕ್ಕಳಾಟವೆನಿಸೀತು. ಸ್ವಲ್ಪ ಹೊತ್ತು ನೋಡುತ್ತ ನಿಂತರೆ ಒಳಗಿನ ಚೌಕ ಒಮ್ಮೆ ಮುಂದೆ ಬಂದಂತೆ, ಒಮ್ಮೆ ಆಳಕ್ಕೆ ಇಳಿದಂತೆ ತೋರುತ್ತದೆ. ಹಲಗೆ ಮಾತ್ರ ಸಪಾಟಾಗಿಯೇ ಇರುತ್ತದೆ. ಆಲ್ಬರ್ಸ್ ಸಾಮಾನ್ಯವಾಗಿ ಬಣ್ಣಗಳನ್ನು ಬೆರೆಸದೆ ಚೂರಿಯಿಂದ ನೇರವಾಗಿ ಹಚ್ಚುತ್ತಿದ್ದರು. ಬಳಸಿದ ಬಣ್ಣಗಳ ಹೆಸರನ್ನು ಹಲಗೆಯ ಹಿಂದೆ ಬರೆದಿಡುತ್ತಿದ್ದರು. ತಂದೆ ಕಲಿಸಿದಂತೆ ನಡುವಿನಿಂದಲೇ ಆರಂಭ. ಹೀಗೆ ಇಪ್ಪತ್ತೈದು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ರಚಿಸಿದರು.

1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ದೃಷ್ಟಿಭ್ರಮೆಯ ಕಲೆಯ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ಆಲ್ಬರ್ಸರ ಚಿತ್ರಗಳೂ ಅಲ್ಲಿದ್ದವು. 1971ರಲ್ಲಿ ಅದೇ ನಗರದ ಮೆಟ್ರೊಪಾಲಿಟನ್ ಸಂಗ್ರಹಾಲಯವು ಅವರ ಜೀವಮಾನದ ಕೃತಿಗಳನ್ನು ಪ್ರದರ್ಶಿಸಿತು. ಬದುಕಿರುವಾಗಲೇ ಅಲ್ಲಿ ಆ ಗೌರವ ಪಡೆದ ಮೊದಲ ಕಲಾವಿದರು ಅವರು. 1976ರ ಮಾರ್ಚ್ 25ರಂದು ನ್ಯೂಹೇವನ್‌ನಲ್ಲಿ ತೀರಿಕೊಂಡರು.