ಸರ್ವಜ್ಞನನ್ನು ಮನೆಮನೆಗೆ ಮುಟ್ಟಿಸಿದ ಪಾದ್ರಿ ಉತ್ತಂಗಿ ಚನ್ನಪ್ಪ

ವಿಶ್ವೇಶ್ವರಪುರಂ: ಸಾಲದ ಬಗ್ಗೆ ಸರ್ವಜ್ಞ ಹೇಳಿದ ತ್ರಿಪದಿ ಗೊತ್ತಿಲ್ಲದ ಅಂಗಡಿಯವರು ಸಜ್ಜನ್ ರಾವ್ ಸರ್ಕಲ್ ಸುತ್ತಮುತ್ತ ಸಿಗೋದು ಕಷ್ಟ. ಸಾಲ ಕೇಳೋಕೆ ಬಂದವರಿಗೂ ಅದು ಬಾಯಿಪಾಠವೇ. ಆದರೆ ಅಂಥ ಸಾವಿರಕ್ಕೂ ಹೆಚ್ಚು ತ್ರಿಪದಿಗಳನ್ನು ಹುಡುಕಿ, ತಿದ್ದಿ ಜೋಡಿಸಿ, ಪುಸ್ತಕ ಮಾಡಿಕೊಟ್ಟವರು ಒಬ್ಬ ಕ್ರೈಸ್ತ ಪಾದ್ರಿ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪ.

ಚನ್ನಪ್ಪನವರು ಹುಟ್ಟಿದ್ದು 1881ರ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ಮನೆತನದ ಮೂಲ ಊರು ಹೂವಿನ ಹಡಗಲಿ ತಾಲ್ಲೂಕಿನ ಉತ್ತಂಗಿ. ಧಾರವಾಡದ ಬಾಸೆಲ್ ಮಿಷನ್ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ದೇವಶಾಸ್ತ್ರ ಕಲಿತು, ಮಿಷನ್ನಿನ ಬೋಧಕರಾಗಿ ಉತ್ತರ ಕರ್ನಾಟಕದ ಊರುಗಳಲ್ಲಿ ಕೆಲಸ ಮಾಡಿದರು.

ಬೋಧಕರ ಕೆಲಸ ಅಂದರೆ ತಮ್ಮ ಧರ್ಮವನ್ನು ಸಾರೋದು. ಸಂತೆ ಜಾತ್ರೆಗಳಲ್ಲಿ ನಿಂತು ಎದುರಿನವರ ದೇವರನ್ನು ಹಳಿಯೋದು, ಅವರು ತಿರುಗಿ ಬೈಯೋದು ಆ ಕಾಲಕ್ಕೆ ಹೊಸದೇನಲ್ಲ. ಎರಡೂ ಕಡೆ ಮನಸ್ಸು ಕಹಿಯಾಗಿತ್ತು. ಚನ್ನಪ್ಪನವರು ಹಿಡಿದ ದಾರಿ ಬೇರೆ. 1921ರಲ್ಲಿ ಅವರು ಬರೆದ ಪುಸ್ತಕದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಹೆಸರಲ್ಲೇ ಅವರ ಗುಣ ಕಾಣುತ್ತೆ. ಅಪ್ಪಣೆಯೂ ಅಲ್ಲ, ಸವಾಲೂ ಅಲ್ಲ, ಕೈಮುಗಿದು ಕೇಳುವ ವಿನಂತಿ.

ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನೋದು ಕ್ರಿಸ್ತನ ಬೋಧನೆ. ನೆರೆಯವನ ಮನೆಯಲ್ಲಿ ಏನಿದೆ ಅಂತ ತಿಳಿಯದೆ ಅವನನ್ನು ಪ್ರೀತಿಸೋದು ಹೇಗೆ? ಚನ್ನಪ್ಪನವರು ಮೊದಲು ಕಿವಿಗೊಟ್ಟು ಕೇಳೋದನ್ನು ಕಲಿತರು. ಸರ್ವಜ್ಞನ ಪದಗಳು ಹಳ್ಳಿಯವರ ನಾಲಿಗೆಯ ಮೇಲೆ, ಓಲೆಗರಿಯ ಕಟ್ಟುಗಳಲ್ಲಿ ಚದುರಿಹೋಗಿದ್ದವು. ಒಂದೇ ಪದ ಊರಿಗೊಂದು ಥರ ಇತ್ತು. ಅದನ್ನೆಲ್ಲ ವರ್ಷಗಟ್ಟಲೆ ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಬಂದು ಆಗಿನ್ನೂ ಒಂದೇ ವರ್ಷ.

ಸರ್ವಜ್ಞ ಯಾರನ್ನೂ ಬಿಟ್ಟವನಲ್ಲ. ಗುರು, ಜಂಗಮ, ಹಾರುವ, ಅಕ್ಕಸಾಲಿ, ವ್ಯಾಪಾರಿ ಎಲ್ಲರಿಗೂ ಅವನ ಏಟು ಬಿದ್ದಿದೆ. ಅದನ್ನು ತಮ್ಮ ಧರ್ಮದ ಪ್ರಚಾರಕ್ಕೆ ಆಯುಧ ಮಾಡಿಕೊಳ್ಳೋದು ಒಬ್ಬ ಪಾದ್ರಿಗೆ ಸುಲಭವಿತ್ತು. ಚನ್ನಪ್ಪನವರು ಹಾಗೆ ಮಾಡದೆ ಸರ್ವಜ್ಞನನ್ನು ಎಲ್ಲರ ಸೊತ್ತಾಗಿ ನಾಡಿಗೇ ಒಪ್ಪಿಸಿದರು.

ಅಲ್ಲಿಗೇ ನಿಲ್ಲಲಿಲ್ಲ. ಬಸವಣ್ಣನವರ ಅನುಭವ ಮಂಟಪ ನಿಜವಾಗಿಯೂ ಇತ್ತಾ ಅಂತ ಕೆಲವರು ಅನುಮಾನ ಎತ್ತಿದಾಗ, ಇತ್ತು ಅಂತ ಆಧಾರ ಸಮೇತ ವಾದಿಸಿ ‘ಅನುಭವ ಮಂಟಪದ ಐತಿಹಾಸಿಕತೆ’ ಬರೆದರು. ಬೇರೆಯವರ ಮನೆಯ ಗೌರವ ಉಳಿಸೋಕೆ ಇವರು ಸಾಕ್ಷಿ ನಿಂತಂತಾಯಿತು. ಹಾಗಂತ ತಮ್ಮ ಧರ್ಮ ಬಿಡಲಿಲ್ಲ. ಕೊನೇವರೆಗೂ ಕ್ರೈಸ್ತರಾಗಿಯೇ ಬಾಳಿದರು. ಜನ ಅವರನ್ನು ‘ತಿರುಳ್ಗನ್ನಡದ ತಿರುಕ’ ಅಂತ ಪ್ರೀತಿಯಿಂದ ಕರೆದರು.

1949ರಲ್ಲಿ ನಮ್ಮ ಪಕ್ಕದ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ನಡೆಸಿದ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸಮ್ಮೇಳನ ನಡೆದದ್ದು ಕಲಬುರಗಿಯಲ್ಲಿ. ರಜಾಕಾರರ ಹಾವಳಿ, ಅದರ ಬೆನ್ನಿಗೆ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಸಾವುನೋವು ಎಲ್ಲ ಕಂಡ ಸೀಮೆ ಅದು. ಒಬ್ಬರ ಮುಖ ಒಬ್ಬರು ನೋಡೋಕೆ ಹಿಂಜರಿಯುತ್ತಿದ್ದ ಹೊತ್ತು. ಹಿಂದೂಗಳ, ಲಿಂಗಾಯತರ ಸಾಹಿತ್ಯವನ್ನು ತನ್ನದೇ ಅಂತ ಎತ್ತಿ ಆಡಿಸಿದ ಕ್ರೈಸ್ತರೊಬ್ಬರು ಅಂಥ ಊರಿನಲ್ಲಿ ಅಧ್ಯಕ್ಷ ಪೀಠದಲ್ಲಿ ಕೂತರು.

ಚನ್ನಪ್ಪನವರು 1962ರ ಆಗಸ್ಟ್ 28ರಂದು ತೀರಿಕೊಂಡರು. ಆಗ ಅವರಿಗೆ 80 ವರ್ಷ.

ಕ್ಷಮೆ ಅಂದರೆ ತಪ್ಪು ಮಾಡಿದವನಿಗೆ ಹೋಗಲಿ ಬಿಡು ಅನ್ನೋದು ಮಾತ್ರ ಅಂತ ನಾವು ತಿಳಿದಿರುತ್ತೇವೆ. ಹಳೇ ಜಗಳದ ಲೆಕ್ಕ ಬದಿಗಿಟ್ಟು, ಎದುರಿನವನಲ್ಲಿರುವ ಒಳ್ಳೇದನ್ನು ಹುಡುಕಿ ಜೋಪಾನ ಮಾಡೋದೂ ಕ್ಷಮೆಯೇ. ಚನ್ನಪ್ಪನವರು ಅದನ್ನು ಉಪದೇಶವಾಗಿ ಹೇಳಿ ಸುಮ್ಮನಾಗಲಿಲ್ಲ, ಜೀವಮಾನವಿಡೀ ಅದನ್ನೇ ಕೆಲಸವಾಗಿ ಮಾಡಿದರು.